ಹೊಲಿಸದೆ ಉಳಿದ ಖಣ

ಟ್ರಂಕಿನ ಮುಚ್ಚಳ ಎತ್ತಿದೊಡನೆ ಒಣಗಿದ ಬೇವಿನೆಲೆ, ನುಸಿಗುಳಿಗೆ, ಹೊಸ ಬಟ್ಟೆಯ ಗಂಜಿ, ಮೂರೂ ಬೆರೆತ ಆ ವಾಸನೆ ಬಂತು. ನಾನು ಅಲ್ಲೇ ನೆಲಕ್ಕೆ ಕುಳಿತೆ. ಇಳಕಲ್ಲಿನ ಅಜ್ಜಿಯ ಮನೆಯಿಂದ ನನಗೆ ಉಳಿದದ್ದು ಇದೊಂದೇ. ನಿಮ್ಮ ಮನೆಯಲ್ಲೂ ಇಂಥದೊಂದು ಟ್ರಂಕು ಇದ್ದೀತು. ಅಜ್ಜಿಯನ್ನು ನಾನು ಆಯಿ ಎನ್ನುತ್ತಿದ್ದೆ. ತಾಯಿಯಿಲ್ಲದ ನನ್ನನ್ನು ಒಂಬತ್ತು ವರ್ಷದವರೆಗೆ ಸಾಕಿದವಳು ಅವಳೇ. ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಅಜ್ಜ ಸೀರೆ ನೇಯುತ್ತಿದ್ದ. ಆ ಖಟ್‌ಖಟ್ ನಿಂತರೆ ಮಲಗಿದ್ದ ನನಗೆ ಎಚ್ಚರವಾಗುತ್ತಿತ್ತು.

ಯಾರಾದರೂ ಏನಾದರೂ ಕೇಳಿದರೆ 'ಆಗೂದಿಲ್ಲ' ಎನ್ನಲು ಆಯಿಗೆ ಬಾಯೇ ಬರುತ್ತಿರಲಿಲ್ಲ. "ಮಾತು ಮನಿ ಕೆಡಸ್ತು, ತೂತು ಒಲಿ ಕೆಡಸ್ತು," ಎನ್ನುವವಳು ಅವಳು. ಅನ್ನಲೇಬೇಕಾದಾಗ ಟ್ರಂಕು ತೆಗೆಯುತ್ತಿದ್ದಳು. ಅದರಲ್ಲಿ ಗುಳೇದಗುಡ್ಡದ ಖಣಗಳು, ಕುಬಸಕ್ಕೆ ಹೊಲಿಸುವ ತುಂಡುಗಳು, ಮಡಿಕೆ ಹಾಕಿ ಇಟ್ಟಿರುತ್ತಿದ್ದವು. ಒಮ್ಮೆ ಪಕ್ಕದ ಮನೆಯ ಶಾಂತವ್ವ ಬಂದು, ತನ್ನ ಮಗನಿಗೆ ಎರಡು ತಿಂಗಳ ಮಟ್ಟಿಗೆ ಅಜ್ಜನ ಮಗ್ಗ ಬಿಟ್ಟುಕೊಡಿ ಎಂದು ಕೇಳಿದಳು. ಮಗ್ಗ ಬಿಟ್ಟರೆ ನಮ್ಮ ಒಲೆ ಹೊತ್ತುವುದು ಹೇಗೆ? ಆಯಿ ಚಹಾ ಕೊಟ್ಟಳು, ಸೊಸೆಯ ಬಾಣಂತನ ವಿಚಾರಿಸಿದಳು, ಕೊನೆಗೆ ಒಂದು ಖಣ ತೆಗೆದು ಕುಂಕುಮ ಹಚ್ಚಿ ಅವಳ ಕೈಗಿಟ್ಟಳು. "ಈ ಬಣ್ಣ ನಿನಗ ಭಾಳ ಒಪ್ಪತೈತಿ ನೋಡವ್ವಾ." ಶಾಂತವ್ವನಿಗೆ ತಿಳಿಯಿತು. ಖಣವನ್ನು ಕಣ್ಣಿಗೊತ್ತಿಕೊಂಡು ಎದ್ದಳು. ಮರುದಿನ ಅವಳೇ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಒಂದು ಬಟ್ಟಲು ಶೇಂಗಾಹಿಂಡಿ ತಂದಳು. "ನಿಮ್ಮ ಆಯಿ ಟ್ರಂಕ್ ತೆಗದ್ಲಂದ್ರ ಕೆಲಸ ಆಗೂದಿಲ್ಲಂತ ತಿಳಿ," ಎಂದು ಅಜ್ಜ ಮಗ್ಗದಲ್ಲಿ ಕುಳಿತೇ ನಗುತ್ತಿದ್ದ. ನಾನೂ ನಗುತ್ತಿದ್ದೆ.

ಕೆರೂರಿನಲ್ಲಿ ಇನ್ನೊಂದು ಮದುವೆಯಾಗಿದ್ದ ಅಪ್ಪ ಒಂದು ದಿನ ಬಂದ. ಚಪ್ಪಲಿ ಬಿಡುವ ಮೊದಲೇ ಹೇಳಿದ: "ಅತ್ತಿ, ಮನ್ಯಾಗ ಕೂಸು ಹುಟ್ಟೇತ್ರಿ. ಹುಡುಗಿನ್ನ ಕರಕೊಂಡು ಹೋಗ್ತೇನ್ರಿ, ತೊಟ್ಟಿಲ ತೂಗಾಕಾದ್ರೂ ಆಗ್ತಾಳ." ಆಯಿ, "ಮದಲ ಉಣ್ಣರಿ," ಎಂದು ಒಳಗೆ ಬಂದಳು. ನಾನು ಅವಳ ಸೆರಗು ಹಿಡಿದು, "ಆಯಿ, ನಾ ಹೋಗೂದಿಲ್ಲ. ನನ್ನ ಇಲ್ಲೇ ಇಟ್ಕೊ," ಎಂದೆ. ಈಗ ಟ್ರಂಕು ತೆಗೆಯುತ್ತಾಳೆ, ಹೊಸ ಹೆಂಡತಿಗೆಂದು ಅಪ್ಪನ ಕೈಗೊಂದು ಖಣ ಇಡುತ್ತಾಳೆ, ಅಪ್ಪ ಒಬ್ಬನೇ ಬಸ್ಸು ಹತ್ತುತ್ತಾನೆ ಎಂದು ಕಾದೆ.

ಟ್ರಂಕು ತೆಗೆದದ್ದೇನೋ ಖರೆ. ಖಣ, ಒಣಕೊಬ್ಬರಿ, ಬೆಲ್ಲದ ಹೆಂಟೆ ಎಲ್ಲವನ್ನೂ ತಂದು ನನ್ನ ಲಂಗದ ಉಡಿಗೆ ಹಾಕಿದಳು. ಚೆಲ್ಲಬಾರದೆಂದು ಉಡಿಯನ್ನು ಎರಡೂ ಕೈಯಿಂದ ಹಿಡಿದು ನಿಂತೆ. ಅವಳ ಸೆರಗು ಹಿಡಿಯಲು ನನಗೆ ಕೈಯೇ ಉಳಿಯಲಿಲ್ಲ. ಹಾಗೇ ಬಸ್ಸು ಹತ್ತಿಸಿದರು, ಕೆರೂರು ಬರುವವರೆಗೆ ಉಡಿ ಬಿಚ್ಚಲಿಲ್ಲ. ಅಪ್ಪನಿಗೆ ಇಲ್ಲವೆಂದಿದ್ದರೆ ಅವನು ನನ್ನನ್ನು ಎಳೆದೊಯ್ದು ಮತ್ತೆಂದೂ ಆ ಹೊಸ್ತಿಲು ತುಳಿಸುತ್ತಿರಲಿಲ್ಲ. ನನಗೆ ಇಲ್ಲವೆಂದರೆ ರಜೆಗಾದರೂ ಬಂದೇನು ಎಂದು ಆಯಿ ಎಣಿಸಿರಬೇಕು. ಇಷ್ಟು ತಿಳಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಸಿಟ್ಟೇ ಇತ್ತು, ಸುಳ್ಳೇಕೆ ಹೇಳಲಿ. ಆ ಖಣವನ್ನು ಇಂದಿಗೂ ಹೊಲಿಸಿಲ್ಲ.

ಅಜ್ಜ ತೀರಿಕೊಂಡ ಮೇಲೆ ಸೋದರಮಾವ ಹಳೆಯ ಮನೆ ಕೆಡವಿ, ಪವರ್‌ಲೂಮ್ ಹಾಕಲು ಹೊಸ ಮನೆ ಕಟ್ಟಿಸಲು ಹೊರಟ. ಬಾಗಲಕೋಟೆಯಲ್ಲಿದ್ದ ನನಗೆ ಆಯಿ ಫೋನ್ ಮಾಡಿದಳು. "ತಂಗಿ, ಮನಿ ಏಳೂತನಕ ನಿನ್ನ ಹಂತ್ಯಾಕ ಇರ್ತೇನಿ. ಒಂದ್ ಮೂಲ್ಯಾಗ ಬಿದ್ದಿರ್ತೇನಿ." ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ. ಗಂಡ, "ನಿಮ್ಮ ಆಯಿ, ನೀನ ಏನರ ಹೇಳು," ಎಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡ. ನನಗೂ ಬಾಯಿ ಬರಲಿಲ್ಲ. ಭಾನುವಾರ ಇಳಕಲ್ಲಿಗೆ ಹೋದರೆ, ಆಯಿ ಆಗಲೇ ಸೀರೆಗಳ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಬಾಳೆಹಣ್ಣು ಕೊಟ್ಟೆ, ಮೊಣಕಾಲು ನೋವು ವಿಚಾರಿಸಿದೆ. ಆಮೇಲೆ ಚೀಲದಿಂದ ಹೊಸ ಖಣವೊಂದನ್ನು ತೆಗೆದು ಅವಳ ಕೈಗಿಟ್ಟೆ.

ಆಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. "ಚಲೋ ಬಣ್ಣ ಐತಿ, ತಂಗಿ," ಎಂದಳು. ನನ್ನೆದುರಿಗೇ ಗಂಟು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಟ್ರಂಕಿಗೆ ತಿರುಗಿ ಇಟ್ಟಳು. ಹೊಸ ಮನೆ ಏಳುವ ಮೊದಲೇ ಹೋಗಿಬಿಟ್ಟಳು. ಮೊನ್ನೆ ಸೋದರಮಾವ ಈ ಟ್ರಂಕು ಕಳಿಸಿದ. ಸೀರೆಗಳನ್ನು ತೆಗೆದು ಬದಿಗಿಟ್ಟೆ. ತಳದಲ್ಲಿ ನಾನು ಕೊಟ್ಟ ಖಣ ಮಡಿಕೆ ಬಿಚ್ಚದೆ ಇತ್ತು. ಅವಳೂ ಹೊಲಿಸಿರಲಿಲ್ಲ.