ಹನ್ನೊಂದನೇ ಕಡ್ಡಿ

ಹಬ್ಬ ಹತ್ತಿರ ಬಂತೆಂದು ಮೊನ್ನೆ ಹುಣಸೆಹುಳಿ ಕಿವುಚಿಕೊಂಡು ನಡುಮನೆಯ ಕನ್ನಡಿ ಉಜ್ಜಲು ಕೂತೆ. ದುಂಡು ಕನ್ನಡಿ, ಸುತ್ತಲೂ ಸೂರ್ಯನ ಕಿರಣಗಳ ಹಾಗೆ ಹಿತ್ತಾಳೆ ಕಡ್ಡಿಗಳು. ಮೂವತ್ತೆರಡನ್ನೂ ಒಂದೊಂದಾಗಿ ಉಜ್ಜಬೇಕು, ಸೊಂಟ ಬಿದ್ದುಹೋಗುತ್ತದೆ. ಹುಳಿ ಹಿತ್ತಾಳೆಗೆ ತಾಗಿ ಆ ಕಮಟು ವಾಸನೆ ಎದ್ದದ್ದೇ ತಡ, ಕೆಳಮನೆ ಅಂಕಲ್ ನೆನಪಾದರು. ಆ ಕನ್ನಡಿ ಮಾಡಿದಷ್ಟು ದಿನವೂ ಅವರ ಬೆರಳುಗಳಿಗೆ ಇದೇ ವಾಸನೆ ಇರುತ್ತಿತ್ತು...

ಆಗ ನಾವು ವಿಮಾನಪುರದಲ್ಲಿ ಬಾಡಿಗೆಗಿದ್ದೆವು. ಮದುವೆಯಾದ ಹೊಸದು. ನಾವು ಮೇಲೆ, ಮನೆ ಓನರ್ ಅಂಕಲ್ ಮತ್ತು ಆಂಟಿ ಕೆಳಗೆ. ಅಂಕಲ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಹಾಲು ತರಲು ಹೊರಟರೂ ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಪೆನ್ನು, ಪಕ್ಕದಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು. ಆ ಸ್ಕೇಲು ಯಾಕೆ ಅಂತ ಕೇಳಿದರೆ "ಯಾವಾಗ ಬೇಕಾಗತ್ತೋ ಯಾರಿಗ್ಗೊತ್ತಮ್ಮಾ" ಅನ್ನುತ್ತಿದ್ದರು.

ನನ್ನ ಅತ್ತೆ ನಮ್ಮ ಮನೆ ನೋಡುವ ಮೊದಲೇ ಅದಕ್ಕೆ 'ಬೆಂಕಿಪೊಟ್ಟಣ' ಅಂತ ಹೆಸರಿಟ್ಟಿದ್ದರು. ಅವರು ಮೊದಲ ಸಲ ಬರುವವರಿದ್ದರು. ನನಗೋ ಹಟ. ಅದೇ ಹೊತ್ತಿಗೆ ಇಂದಿರಾನಗರದ ಒಂದು ಶೋರೂಮಿನ ಗಾಜಿನಾಚೆ ಈ ಕನ್ನಡಿ ಕಣ್ಣಿಗೆ ಬಿತ್ತು. ಇದೊಂದು ಗೋಡೆ ಮೇಲಿದ್ದರೆ ಬೆಂಕಿಪೊಟ್ಟಣವೂ ಅರಮನೆ! ಒಳಗೆ ಹೋಗಿ ಬೆಲೆಚೀಟಿ ತಿರುವಿ ನೋಡಿದೆ. ನನ್ನ ಎರಡು ತಿಂಗಳ ಸಂಬಳ. ಹೊಟ್ಟೆ ಉರಿದುಹೋಯಿತು. ಮನೆಗೆ ಬಂದು ಮೆಟ್ಟಿಲ ಹತ್ತಿರವೇ ಅಂಕಲ್ ಮುಂದೆ ಹೊಟ್ಟೆಯುರಿಯನ್ನೆಲ್ಲ ತೋಡಿಕೊಂಡೆ.

"ಕಡ್ಡಿ ತಾನೆ? ಬೆಸುಗೆ ಹಾಕೋ ಹಿತ್ತಾಳೆ ಕಡ್ಡಿ ಸಿಗತ್ತೆ. ನಾನೇ ಮಾಡಿಕೊಡ್ತೀನಿ. ನಡಿ, ಸ್ಯಾಂಪಲ್ ನೋಡೋಣ" ಅಂದರು.

ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. "ಅವ್ರ ಕೈ ನಡುಗೋಕೆ ಶುರುವಾಗಿದೆ ಕಣಮ್ಮಾ. ಕಾಫಿ ಲೋಟನೇ ಸರಿಯಾಗಿ ಹಿಡಿಯೋಕಾಗಲ್ಲ. ಮಾಡಿದ್ದು ಕೆಟ್ಟೋದ್ರೆ ತುಂಬಾ ನೊಂದ್ಕೋತಾರೆ."

ಅಂಕಲ್‌ಗೆ ಅದು ಕೇಳಿಸಿತ್ತು. "ಲೋಟ ಹಿಡಿದ್ರೆ ನಡುಗತ್ತೆ, ಕಬ್ಬಿಣ ಉಜ್ಜೋ ಅರ ಹಿಡಿದ್ರೆ ನಡುಗಲ್ಲ. ಬೇಕಾದ್ರೆ ನೋಡ್ತಿರಿ" ಅಂತ ನಡುಮನೆಯಿಂದಲೇ ಕೂಗಿದರು. ಅವರಿಗೆ ಬೇಕಿದ್ದದ್ದು ಕನ್ನಡಿಯಲ್ಲ, ಕೈ ಇನ್ನೂ ತಮ್ಮ ಮಾತು ಕೇಳುತ್ತದೆ ಅನ್ನುವ ಧೈರ್ಯ ಅಂತ ನನಗೆ ಆಗಲೇ ಗೊತ್ತಾಯಿತು.

ಶೋರೂಮಿನಲ್ಲಿ ನಾವು ಮಾಡಿದ ನಾಟಕ ನೆನೆದರೆ ಈಗಲೂ ನಗು ಬರುತ್ತದೆ. "ಅಂಕಲ್, ಇಲ್ಲಿ ನಿಂತ್ಕೊಳ್ಳಿ, ಒಂದ್ ಫೋಟೋ" ಅಂತ ನಾನು ಮೊಬೈಲ್ ಎತ್ತಿದೆ. ಅವರು ಮದುಮಗನ ಹಾಗೆ ಗಂಭೀರವಾಗಿ ಕನ್ನಡಿಯ ಪಕ್ಕ ನಿಂತು, ಬೆನ್ನ ಹಿಂದೆ ಗೇಣು ಹಾಕಿ ಅಳೆದರು. ಆಮೇಲೆ ತಿರುಗಿ, ತುಟಿ ಅಲ್ಲಾಡಿಸುತ್ತ ಕಡ್ಡಿಗಳನ್ನು ಎಣಿಸಿದರು. ಸೇಲ್ಸ್ ಹುಡುಗಿ ಬಂದು "ಹೆಲ್ಪ್ ಬೇಕಾ ಸರ್?" ಅಂದಾಗ "ಇಲ್ಲಮ್ಮಾ, ನೀನು ಮಾತಾಡಿಸಿದ್ರೆ ಲೆಕ್ಕ ತಪ್ಪತ್ತೆ" ಅಂದುಬಿಟ್ಟರು, ಪುಣ್ಯಾತ್ಮರು. ನಾನು ಅವರ ಕೈ ಹಿಡಿದು ಎಳೆದುಕೊಂಡು ಹೊರಗೆ ಓಡಿ ಬಂದೆ.

ಶಿವಾಜಿನಗರದಲ್ಲಿ ಕಡ್ಡಿ ತಂದೆವು, ಅಲ್ಲೇ ಕನ್ನಡಿ ದುಂಡಗೆ ಕೊಯ್ಯಿಸಿದೆವು. ಮೂರು ವಾರ ತಾರಸಿಯ ಮೇಲೆ ಅರದ ಕಿರಿಕಿರಿ ಸದ್ದು. ಪ್ಲೈವುಡ್ ಬಿಲ್ಲೆಯ ಅಂಚಿಗೆ ಅವರು ತೂತು ಕೊರೆಯುತ್ತಿದ್ದರು, ನಾನು ಕಡ್ಡಿ ಉಜ್ಜಿ ಕೊಡುತ್ತಿದ್ದೆ. "ಕಟಿಂಗ್ ಪ್ಲೇಯರ್ ಹಲ್ಲಿಗೆ ಬಟ್ಟೆ ಸುತ್ಕೊಂಡು ಹಿಡೀಬೇಕು, ಇಲ್ದಿದ್ರೆ ಕಚ್ಚಿದ ಗುರುತು ಬೀಳತ್ತೆ" ಅಂತ ಹೇಳಿಕೊಟ್ಟರು. ಒಂದು ಕಡ್ಡಿಯನ್ನು ಇನ್ನೂ ಸ್ವಲ್ಪ ಉದ್ದ ಬಿಡೋಣ, ಚೆನ್ನಾಗಿರುತ್ತೆ ಅಂದಿದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿದರು. "ವಿಮಾನಕ್ಕೆ ನಮ್ ಬುದ್ಧಿ ಸೇರಿಸಂಗಿಲ್ಲಮ್ಮಾ. ಸ್ಯಾಂಪಲ್ ಹೇಗೋ, ಪೀಸೂ ಹಾಗೆ." ಇದು ವಿಮಾನ ಅಲ್ಲ ಅಂಕಲ್ ಅಂತ ನಕ್ಕೆ. ಅವರು ನಗಲಿಲ್ಲ.

ಅತ್ತೆ ಬರುವ ದಿನ ಬೆಳಿಗ್ಗೆ ಕನ್ನಡಿ ಗೋಡೆಗೇರಿತು. ಏನು ಚಂದ ಇತ್ತು! ನಾನು ಹಿಂದೆ ಸರಿದು ನೋಡುತ್ತೇನೆ... ಗಡಿಯಾರದಲ್ಲಿ ನಾಲ್ಕು ಇರುವ ಕಡೆ ಒಂದು ಕಡ್ಡಿಯ ತುದಿ ಉಗುರಿನಷ್ಟು ಕೆಳಗೆ ಬಾಗಿತ್ತು. ಕೈ ನಡುಗಿದೆ ಅಂದುಕೊಂಡೆ. ಅಯ್ಯೋ ಪಾಪ ಅನ್ನಿಸಿತು. ಅಂಕಲ್ ಕೆಳಗೆ ಹೋದ ಮೇಲೆ ಕಟಿಂಗ್ ಪ್ಲೇಯರ್ ತಂದು, ಬಟ್ಟೆ ಸುತ್ತುವಷ್ಟೂ ತಾಳ್ಮೆಯಿಲ್ಲದೆ, ನೆಟ್ಟಗೆ ಮಾಡಿಬಿಟ್ಟೆ.

ಸಂಜೆ ಅತ್ತೆ ಕನ್ನಡಿ ಮುಂದೆ ನಿಂತು ಸೆರಗು ಸರಿಮಾಡಿಕೊಂಡಿದ್ದೇ ಮಾಡಿಕೊಂಡಿದ್ದು. ಬೆಂಕಿಪೊಟ್ಟಣದ ಸುದ್ದಿಯೇ ಇಲ್ಲ. ಕಾಫಿಗೆ ಕರೆದಿದ್ದ ಅಂಕಲ್ ಮಾತ್ರ ಕನ್ನಡಿ ನೋಡುತ್ತಲೇ ನಿಂತರು.

"ಒರಿಜಿನಲ್‌ನಲ್ಲೇ ಬಾಗಿತ್ತಮ್ಮಾ. ಹನ್ನೊಂದನೇ ಕಡ್ಡಿ" ಅಂದರು ಮೆಲ್ಲಗೆ.

"ಇರ್ಲಿ ಬಿಡಿ ಅಂಕಲ್, ಯಾರಿಗೆ ಕಾಣತ್ತೆ" ಅಂದೆ. ಮಕ್ಕಳನ್ನು ಸಮಾಧಾನ ಮಾಡುವ ದನಿ ಇತ್ತಲ್ಲ ಅದು, ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೊಬೈಲಿನ ಫೋಟೋ ತೆಗೆದು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವರು ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ಆಮೇಲೆ ನಾನು ಅವರಿಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಹೇಳಿ ನೋಯಿಸಬಾರದು ಅನ್ನುವ ದೊಡ್ಡ ಮನಸ್ಸು ನನ್ನದು! "ಏನಾದ್ರೂ ಇದ್ರೆ ಕೊಡಮ್ಮಾ" ಅಂತ ಒಂದೆರಡು ಸಲ ಕೇಳಿದರು, ನಗುನಗುತ್ತಲೇ ಮಾತು ತೇಲಿಸಿದೆ. ನಾವು ಹಲಸೂರಿಗೆ ಮನೆ ಬದಲಿಸಿದೆವು. ಎರಡು ವರ್ಷದಲ್ಲಿ ಅಂಕಲ್ ಹೋಗಿಬಿಟ್ಟರು.

ಮೊನ್ನೆ ಹುಳಿಗೈ ತೊಳೆದುಕೊಂಡು ಅವರ ಮುಖ ನೋಡಬೇಕೆನ್ನಿಸಿ ಹಳೆಯ ಫೋಟೋಗಳನ್ನು ಹುಡುಕಿದೆ. ಶೋರೂಮಿನ ಮದುಮಗ ಸಿಕ್ಕಿದರು. ಮುಖ ದೊಡ್ಡದು ಮಾಡಿ ನೋಡಿದೆ, ಆಮೇಲೆ ಭುಜದ ಪಕ್ಕಕ್ಕೆ ಕಣ್ಣು ಹೋಯಿತು. ಮೇಲಿನಿಂದ ಎಣಿಸಿದೆ. ಹನ್ನೊಂದನೆಯದು ಉಗುರಿನಷ್ಟು ಕೆಳಗೆ ಬಾಗಿತ್ತು.

ಆಂಟಿಗೆ ಫೋನ್ ಮಾಡಿದೆ. ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅವರು ನಕ್ಕರು. "ನಂಗೂ ಅದನ್ನೇ ಹೇಳ್ತಿದ್ರು ಕಣೇ. ನಾನೂ 'ಹೌದ್ರೀ ಹೌದು' ಅಂತ ಸಮಾಧಾನ ಮಾಡ್ತಿದ್ದೆ."

ಪ್ಲೇಯರ್ ತಂದೆ. ಈ ಸಲ ಹಲ್ಲಿಗೆ ಬಟ್ಟೆ ಸುತ್ತಿದೆ. ಪಕ್ಕದಲ್ಲಿ ಫೋಟೋ ಇಟ್ಟುಕೊಂಡು ಹನ್ನೊಂದನೇ ಕಡ್ಡಿಯನ್ನು ಮೆಲ್ಲಗೆ ಬಾಗಿಸಿದೆ. ನಾನು ಅಂದು ಕಚ್ಚಿಸಿದ ಗುರುತು ಹಾಗೇ ಇದೆ, ಅದು ಹೋಗುವುದಿಲ್ಲ. ಕಡ್ಡಿ ಮಾತ್ರ ಈಗ ಅಂಕಲ್ ಮಾಡಿಕೊಟ್ಟ ಹಾಗೆಯೇ ಇದೆ.