ಮೊಣಕೈವರೆಗಿನ ಹಸಿ

ಹಿಂಗಾರಿ ಜೋಳ ಬಿತ್ತುವ ಮೊದಲು ಅವ್ವ ಹೊಲದಲ್ಲಿ ಕುಣಿ ತೋಡಿ ಕೈ ಇಳಿಸಿ ನೋಡುತ್ತಾಳೆ. ಎರೆಮಣ್ಣಿನ ಹಸಿ ಮೊಣಕೈವರೆಗೆ ಇದ್ದರೆ ಬಿತ್ತಬಹುದು. ಮುಂದೆ ಮಳೆ ಬಾರದಿದ್ದರೂ ಜೋಳ ಆ ಹಸಿಯ ಮೇಲೆಯೇ ಬೆಳೆದುಕೊಳ್ಳುತ್ತದೆ. ಆದರೂ ಅವಳು ಇಡೀ ಹೊಲವನ್ನು ಒಮ್ಮೆಗೇ ಬಿತ್ತಿದವಳಲ್ಲ. ತಗ್ಗಿನ ಎರಡು ಎಕರೆ ಮೊದಲು, ದಿಬ್ಬದ ಎರಡು ಎಕರೆ ಹದಿನೈದು ದಿನ ಬಿಟ್ಟು. ಅಲ್ಲಿಯತನಕ ಅರ್ಧ ಬೀಜ ಬೂದಿ, ಬೇವಿನೆಲೆಯ ಜೊತೆ ಗಡಿಗೆಯಲ್ಲೇ ಇರುತ್ತಿತ್ತು.

ಆ ಬೀಜ ಅವಳ ತವರಾದ ಕುರ್ಡಿಯದು. ಮದುವೆಯಲ್ಲಿ ಅಜ್ಜಿ ಉಡಿಗೆ ಅಕ್ಕಿಯ ಜೊತೆ ಹಾಕಿ ಕಳಿಸಿದ್ದಳಂತೆ. ಕವಿತಾಳದ ಹತ್ತಿರದ ನಮ್ಮೂರಲ್ಲಿ ಉಳಿದವರೆಲ್ಲ ಹತ್ತಿಗೋ ಅಂಗಡಿಯ ಬೀಜಕ್ಕೋ ತಿರುಗಿದ ಮೇಲೆ ಅದು ನಮ್ಮ ಗಡಿಗೆಯಲ್ಲಿ ಮಾತ್ರ ಇತ್ತು. ಒಂದು ವರ್ಷ ಬೆಳೆ ಕಡಿಮೆಯಾಗಿ ನಾವು ಸಂತೆಯ ಜೋಳದ ರೊಟ್ಟಿ ತಿಂದೆವು. ಗಡಿಗೆ ಮುಟ್ಟಲಿಲ್ಲ.

ಮರುವರ್ಷ ನಾನು ರಾಯಚೂರಿನಲ್ಲಿ ಕೃಷಿ ಓದುತ್ತಿದ್ದೆ. ಹವಾಮಾನ ಬದಲಾವಣೆಯನ್ನು ಸಣ್ಣ ರೈತರು ಹೇಗೆ ನೋಡುತ್ತಾರೆ ಎಂದು ಕೇಳಲು ಪ್ರಶ್ನೆಗಳ ಹಾಳೆ ಹಿಡಿದು ದೇವದುರ್ಗದ ಊರುಗಳನ್ನು ಸುತ್ತುತ್ತಿದ್ದೆ. ಒಬ್ಬ ಮುದುಕ ಎಲೆಯಡಿಕೆ ಜಗಿಯುತ್ತ ನಕ್ಕ.

"ಹವಾಮಾನ ನನಗೇನ್ ಗೊತ್ತು ತಂಗಿ? ಉತ್ತರಿ ಮಳಿ ಹಸ್ತದಾಗ ಬರಾಕತ್ತದ, ಹಸ್ತದ್ದು ಚಿತ್ತದಾಗ. ನಕ್ಷತ್ರಕ್ಕೂ ನನ್ನಂಗ ಅರಳು ಮರಳು ಆಗ್ಯದ."

"ಅದಕ್ಕೆ ನೀವೇನು ಮಾಡ್ಕೊಂಡೀರಿ?"

"ಏನ್ ಮಾಡಾಮು? ಬೀಜ ಒಮ್ಮೆಲೆ ಸುರವಂಗಿಲ್ಲ, ಅಷ್ಟ."

ನನ್ನ ಹಾಳೆಯಲ್ಲಿ ಕೈಗೊಂಡ ಕ್ರಮಗಳ ಪಟ್ಟಿ ಇತ್ತು: ಕೊಳವೆಬಾವಿ, ಕೃಷಿಹೊಂಡ, ವಿಮೆ, ಹೊಸ ತಳಿ. ಅವನು ಹೇಳಿದ್ದು ಅದರಲ್ಲಿ ಇರಲಿಲ್ಲ. 'ಯಾವುದೂ ಇಲ್ಲ' ಎಂಬಲ್ಲಿ ಗುರುತು ಹಾಕಿದೆ.

ಆ ವಾರವೇ ಊರಿಗೆ ಹೋಗಿದ್ದೆ. ಅವ್ವನ ಕುಣಿಯಲ್ಲಿ ಹಸಿ ಮುಂಗೈಗಿಂತ ಸ್ವಲ್ಪ ಮೇಲಿತ್ತು, ಮೊಣಕೈ ಮುಟ್ಟಿರಲಿಲ್ಲ. ನನ್ನ ಫೋನಿನಲ್ಲಿ ಮೂರು ದಿನದಲ್ಲಿ ಮಳೆ ಎಂಬ ಸಂದೇಶ ಇತ್ತು. ಇಡೀ ಹೊಲ ಬಿತ್ತಿಬಿಡು, ತಡವಾದರೆ ದಿಬ್ಬದ ಬೆಳೆ ಬಿಸಿಲಿಗೆ ಸಿಗುತ್ತದೆ ಎಂದೆ.

"ಎರಡೂ ಕಡೆನಾ?" ಎಂದಳು ಅವ್ವ. ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದ್ದಳು, ಕೈ ಒಳಗೆ ಹಾಕಿರಲಿಲ್ಲ. "ಖರೇ ಬರ್ತದೇನ?"

"ಬರ್ತದ ಯವ್ವಾ."

ಅವ್ವ ಗಡಿಗೆ ಬರಿದು ಮಾಡಿ ಎರಡೂ ಕಡೆ ಬಿತ್ತಿದಳು, ಮಳೆ ಕಾದೆವು.

ಬಂತು. ಸಂದೇಶದಲ್ಲಿ ತಪ್ಪಿರಲಿಲ್ಲ. ಆದರೆ ಹದಿನೈದು ದಿನಕ್ಕೆ ಹಂಚಿಕೊಂಡು ಬರಬೇಕಾದದ್ದು ಎರಡೇ ದಿನದಲ್ಲಿ ಸುರಿಯಿತು. ಹೊಲದಲ್ಲಿ ನೀರು ನಿಂತು, ಮೇಲೆ ಮಣ್ಣು ಹೆಪ್ಪುಗಟ್ಟಿತು. ವಾರದ ಮೇಲೆ ಅವ್ವ ಸಾಲು ಕೆದಕಿದಾಗ ಕಾಳುಗಳು ಬೆರಳಲ್ಲಿ ಹಿಟ್ಟಿನಂತೆ ಹಿಸುಕಿಹೋದವು. ತಗ್ಗಿನಲ್ಲೂ ಅದೇ, ದಿಬ್ಬದಲ್ಲೂ ಅದೇ.

ಅಂಗಡಿಯಲ್ಲಿ ಬೇರೆ ಜೋಳದ ಬೀಜವಿತ್ತು. ಆದರೆ ಎರಡು ತಿಂಗಳು ಹನಿ ಬೀಳದೆಯೂ ತೆನೆ ಕಟ್ಟಿದ್ದನ್ನು ಅವ್ವ ಕಂಡದ್ದು ಇದೊಂದರಲ್ಲೇ. ಮರುದಿನ ಬೆಳಿಗ್ಗೆ ನಾವು ಕುರ್ಡಿಯ ಬಸ್ಸು ಹತ್ತಿದೆವು.

ನಡೆದದ್ದು ಕೇಳಿ ಅವ್ವನ ತಮ್ಮ, ನನ್ನ ಮಾವ, ಹಣೆ ಬಡಿದುಕೊಂಡ. "ಅಕ್ಕಾ, ಕಾಲುವಿ ನೀರು ಬಂದಾಗಿಂದ ನಮ್ದೆಲ್ಲಾ ನೆಲ್ಲು. ಜ್ವಾಳ ಅಂದ್ರ ಕೋಳಿಗಿ ಹಾಕೋದು ಅಂತಾರ ನನ್ನ ಮಕ್ಕಳು." ಆಮೇಲೆ ನನ್ನ ಕಡೆ ತಿರುಗಿದ. "ಏನ್ ಮೇಡಂನೋರೆ, ಹಾಳಿ ತಂದಿಲ್ಲೇನು? ಬೀಜ ಯಾರು ಕಳಕೊಂಡ್ರು ಅಂತ ಬರಕೊಳ್ರಿ."

"ಆಕಿಗಿ ಏನೂ ಅನಬ್ಯಾಡ," ಎಂದಳು ಅವ್ವ. "ಬಿತ್ತಿದಾಕಿ ನಾನು."

ದಾರಿಯಲ್ಲೂ ಮನೆಯಲ್ಲೂ ಅವಳು ನನಗೆ ಒಂದು ಮಾತೂ ಅಂದಿರಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಅವ್ವ ತಲೆಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ಗುಬ್ಬಿಗಳಿಗೆಂದು ಅಜ್ಜಿ ಕಟ್ಟಿದ್ದ ಅದೇ ಜೋಳದ ತೆನೆಗಳ ಗೊಂಚಲು ಇನ್ನೂ ಅಲ್ಲೇ ಇತ್ತು. ಅಜ್ಜಿ ತೀರಿಕೊಂಡ ಮೇಲೂ ಯಾರೂ ಬಿಚ್ಚಿರಲಿಲ್ಲ. ಮಾವ ಸ್ಟೂಲು ತಂದುಕೊಟ್ಟ. ಧೂಳು ಊದಿ ತಿಕ್ಕಿದಾಗ ಅವ್ವನ ಅಂಗೈಯಲ್ಲಿ ಉಳಿದದ್ದು ಹತ್ತೊಂಬತ್ತು ಕಾಳು.

ಮನೆಗೆ ಬಂದು ಅವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರ ಇಟ್ಟಳು. ನಾಲ್ಕನೆಯ ದಿನ ಹೊಲಕ್ಕೆ ಹೋಗಿ ಮತ್ತೆ ಕುಣಿ ತೋಡಿದಳು. ಕೈ ಮೊಣಕೈ ದಾಟಿ ಇಳಿಯಿತು. ಎಷ್ಟೋ ವರ್ಷಗಳಿಂದ ಅಂಥ ಹಸಿ ನಮ್ಮ ಹೊಲ ಕಂಡಿರಲಿಲ್ಲ. ಅವಳು ಕೈ ಹೊರಗೆ ತೆಗೆಯದೆ ಬಹಳ ಹೊತ್ತು ಹಾಗೇ ಕೂತಿದ್ದಳು. ಸುತ್ತಲಿನ ಹೊಲಗಳಲ್ಲಿ ಕಡಲೆ ಬಿತ್ತುತ್ತಿದ್ದರು.

ಸಂಜೆ ಬಟ್ಟೆ ಬಿಚ್ಚಿದೆವು. ಕಾಳುಗಳು ಉಬ್ಬಿದ್ದವು, ಒಂದರಲ್ಲೂ ಮೊಳಕೆ ಇರಲಿಲ್ಲ. ಜೋಳ ಮೂರೇ ದಿನಕ್ಕೆ ಮೊಳೆಯುತ್ತದೆ ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

"ಇನ್ನೆರಡು ದಿನ ನೋಡಾಮೇನು?" ಎಂದು ಕೇಳಿದಳು. ಅಂದು ಮಳೆಯ ಬಗ್ಗೆ ಕೇಳಿದ ದನಿಯಲ್ಲೇ.

ಅವಳು ಬಟ್ಟೆ ಮತ್ತೆ ಕಟ್ಟಿದಳು, ನಾನು ಅದರ ಮೇಲೆ ನೀರು ಚಿಮುಕಿಸಿದೆ.