ಅಂಬವ್ವನ ಮಗ್ಗದ ನೂಲು

ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವ ಹೆಂಗಸರು ಬಹಳ. ಅಂಬವ್ವನ ಹಾಗೆ ಅಂಚು ಕೂಡಿಸುವವರು ಕಡಿಮೆ. ಗಂಡ ತೀರಿದ ಮೇಲೆ ಕುಣಿಮಗ್ಗಕ್ಕೆ ತಾನೇ ಇಳಿದು, ಮಗ ಶಿವಲಿಂಗಪ್ಪನನ್ನು ದುಡಿಯುವ ಕೈಗೆ ತಂದ ಗಟ್ಟಿಗಿತ್ತಿ. ಅವನ ಹಿಂದೆ ಮುಂದೆ ಹುಟ್ಟಿದ ಮೂರು ಕೂಸು ಹಸಿಮೈಯಲ್ಲೇ ಹೋಗಿದ್ದವು. ಮೂರಕ್ಕೂ ಒಂದೇ ಬೇನೆ. ವಾರದೊಳಗೆ ಬಾಯಿ ಬಿಗಿದು ಮೊಲೆ ಬಿಡುವುದು, ಮೈ ಬಿಲ್ಲಿನಂತೆ ಬಾಗುವುದು. ಮಗ್ಗದ ಹಲಗೆ ಬಡಿದಾಗೊಮ್ಮೆ ಕೂಸು ಸೆಟೆಯುತ್ತಿತ್ತು. ಶೆಟವಿತಾಯಿ ಹಣೆಯಲ್ಲಿ ಬರೆದದ್ದೇ ಇಷ್ಟು ಎಂದು ಹಿರಿಯರು ಮಣ್ಣು ಮಾಡಿ ಬಂದರು.

ಸೊಸೆ ಸಾವಿತ್ರೆವ್ವ 1977ರಲ್ಲಿ ಬಸುರಾದಾಗ ದವಾಖಾನೆಯ ನರ್ಸಬಾಯಿ ಜೋಹರಾ ಮನೆಗೆ ಬಂದಳು. ಅದು ಶೆಟವಿಯ ಬರಹವಲ್ಲ, ಧನುರ್ವಾಯು. ಹೊಕ್ಕುಳಿನ ಗಾಯದಿಂದ ಹೊಗುವ ನಂಜು ಎಂದಳು. ಬಸುರಿಗೆ ಸೂಜಿ ಹಾಕಿಸಿದರೆ ಅವಳ ರಕ್ತದ ಬಲ ಹೊಟ್ಟೆಯೊಳಗಿನ ಕೂಸಿಗೂ ಮುಟ್ಟುತ್ತದೆ. ಆದರೆ ಒಂದು ಸಾಲದು, ತಿಂಗಳು ಬಿಟ್ಟು ಇನ್ನೊಂದು ಹಾಕಿಸಬೇಕು. ಹೆರಿಗೆಗೆ ಹೊಸ ಬ್ಲೇಡು, ಕುದಿಸಿದ ದಾರ ಬೇಕು.

ಆಗ ಸೂಜಿಯೆಂದರೆ ಜನಕ್ಕೆ ಎದೆ ನಡುಗುತ್ತಿತ್ತು. ಸಂತಾನಹರಣದ ಆಪರೇಶನ್ನಿಗೆ ಹಿಡಿದೊಯ್ಯುವ ಜೀಪು ಬಂತೆಂದರೆ ಗಂಡಸರು ಜೋಳದ ಹೊಲ ಹೊಕ್ಕ ಕಾಲ ಆಗಷ್ಟೇ ಮುಗಿದಿತ್ತು. ಬಾಜೂಮನೆಯ ಮುದುಕಿ ಇಂದ್ರಾಬಾಯಿ ಕಟ್ಟೆಯ ಮೇಲೆ ಕೂತೇ ಚುಚ್ಚಿದಳು.

"ನರ್ಸಬಾಯಿ ನಿನ್ನ ವಂಶಾನ ಹೊಲದು ಹೋಗ್ತಾಳ ನೋಡವಾ."

"ಮೂರು ಕೂಸು ಮಣ್ಣ ಮಾಡೇನಿ. ಇನ್ನ ಸೂಜಿಗೆ ಅಂಜಲೇನು?" ಎಂದ ಅಂಬವ್ವ, ಸೊಸೆಯ ತೋಳನ್ನು ತಾನೇ ಹಿಡಿದುಕೊಟ್ಟಳು.

ಏಳನೆಯ ತಿಂಗಳಿಗೆ ಕುಬಸ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಚೊಚ್ಚಿಲ ಹೆರಿಗೆಗೆ ತವರೂರು ಅಮೀನಗಡಕ್ಕೆ ಕಳಿಸಬೇಕು. ಎರಡನೆಯ ಸೂಜಿಯ ದಿನ ಇನ್ನೂ ಬಂದಿರಲಿಲ್ಲ. ಅಲ್ಲಿಯೇ ಹಾಕಿಸಿರೆಂದು ಬೀಗತಿ ಸಿದ್ದಲಿಂಗವ್ವನಿಗೆ ಅಂಬವ್ವ ಒತ್ತಿ ಹೇಳಿದಳು. ಜೊತೆಗೆ ಉಡಿಯಲ್ಲಿ ಒಂದು ಲಡಿ ನೂಲನ್ನೂ ಇಟ್ಟಳು. ಕೂಸು ಯಾವ ಮಗ್ಗದ್ದೋ ಆ ಮಗ್ಗದ ನೂಲಿನಿಂದಲೇ ಅದರ ಹೊಕ್ಕುಳಬಳ್ಳಿ ಕಟ್ಟಬೇಕು. ಅದು ಆ ಮನೆತನದ ರೂಢಿ. ಮಗ್ಗದ ಹಾಸುನೂಲು ನೇಯ್ದು ಮುಗಿದಾಗ ಉಳಿಯುವ ತುದಿನೂಲು, ಕುಣಿಯ ಬದಿಯ ಗೂಟದಲ್ಲಿ ಧೂಳು ಕುಡಿಯುತ್ತ ವರ್ಷಗಟ್ಟಲೆ ತೂಗಿದ್ದು. ದಾರ ಕುದಿಸಬೇಕೆಂಬ ಮಾತನ್ನು ಅವಳು ಅಂಗಡಿಯ ದಾರಕ್ಕೆ ಹೇಳಿದ್ದೆಂದುಕೊಂಡಳು. ತನ್ನ ಕೈಯ ನೂಲಿನಲ್ಲಿ ನಂಜಿದ್ದೀತೆಂದು ಅವಳಿಗೆ ಹೊಳೆಯಲಿಲ್ಲ.

ಅತ್ತ ಸಿದ್ದಲಿಂಗವ್ವನೂ ನೇಕಾರರ ಮನೆಯವಳೇ, ಆದರೆ ಪುಕ್ಕಲು ಜೀವ. ಆ ಊರಿನ ನರ್ಸು ಬಾಗಿಲಿಗೆ ಬಂದಾಗ ಮಗಳನ್ನು ಹಿತ್ತಲಿಗೆ ಅಟ್ಟಿ, ಗಂಡನ ಮನೆಗೆ ಹೋಗಿದ್ದಾಳೆ ಎಂದುಬಿಟ್ಟಳು.

ಗಂಡು ಹುಟ್ಟಿತು. ವಾರಕ್ಕೆ ಮೊಲೆ ಬಿಟ್ಟಿತು. ಸುದ್ದಿ ತಿಳಿದ ಅಂಬವ್ವ ಅಮೀನಗಡದಲ್ಲಿ ಬಸ್ಸಿಳಿದು ಓಣಿ ಹೊಕ್ಕಾಗ ಒಂದು ಮಗ್ಗವೂ ಬಡಿಯುತ್ತಿರಲಿಲ್ಲ. ಸಪ್ಪಳಕ್ಕೆ ಕೂಸು ಸೆಟೆಯುತ್ತದೆಂದು ಓಣಿಗೆ ಓಣಿಯೇ ಕೈಕಟ್ಟಿ ಕೂತಿತ್ತು. ಒಳಗೆ ಹೋಗುವ ಮುಂಚೆಯೇ ಅವಳಿಗೆ ಎಲ್ಲ ತಿಳಿಯಿತು. ಬಾಗಲಕೋಟೆಯ ದವಾಖಾನೆಗೆ ಒಯ್ಯುವ ದಾರಿಯಲ್ಲಿ, ಬಸ್ಸಿನ ಕುಲುಕಿಗೆ ಸೆಟೆದು ಸೆಟೆದು, ಕೂಸು ಅವಳ ತೊಡೆಯ ಮೇಲೇ ತಣ್ಣಗಾಯಿತು.

ಮಣ್ಣು ಮಾಡಿ ಬಂದ ಮೇಲೆ, ಎರಡನೆಯ ಸೂಜಿ ಹಾಕಿಸಿದಿರೋ ಇಲ್ಲೋ ಎಂದು ಅಂಬವ್ವ ಕೇಳಿದಳು. ಸಿದ್ದಲಿಂಗವ್ವ ತಲೆ ಎತ್ತಲಿಲ್ಲ.

"ಹಾಕಿಸಲಿಲ್ಲರಿ, ಖರೆ. ಅಂಜಿದೆ. ಆದ್ರ ಹೊಕ್ಕಳಾ ಕಟ್ಟಿದ್ದು ನಿಮ್ಮ ನೂಲರಿ, ಬೀಗತಿ."

ಅಂಬವ್ವ ಅಂದೇ ಬಸ್ಸು ಹತ್ತಿದಳು. ಊರಿಗೆ ಬಂದು ಗೂಟದ ಲಡಿಗಳನ್ನೆಲ್ಲ ಒಲೆಗೆ ಹಾಕಿದಳು. ತನ್ನ ಮೂರು ಕೂಸುಗಳ ಹೊಕ್ಕುಳನ್ನೂ ಅದೇ ಗೂಟದ ನೂಲಿನಿಂದ ಕಟ್ಟಿದ್ದರು. ಶಿವಲಿಂಗಪ್ಪನದನ್ನೂ, ಅವನೊಬ್ಬ ಹೇಗೆ ಉಳಿದನೋ.

1980ರಲ್ಲಿ ಸಾವಿತ್ರೆವ್ವ ಮತ್ತೆ ಬಸುರಾದಳು. ಅಂಬವ್ವ ಅವಳನ್ನು ತವರಿಗೆ ಕಳಿಸಲಿಲ್ಲ. ಎರಡು ಸೂಜಿಗೂ ದವಾಖಾನೆಗೆ ತಾನೇ ಕರೆದೊಯ್ದಳು. ಬೇನೆ ಎದ್ದಾಗ ಜೋಹರಾಳನ್ನು ಕರೆಸಿದಳು. ಇಂದ್ರಾಬಾಯಿ ರೂಢಿ ಬಿಡಬಾರದೆಂದು ಬಾಗಿಲಿಗೆ ಬಂದು, ಕಟ್ಟಲಿಕ್ಕೆ ನೂಲು ಕೊಡು ಎಂದಳು. ಮಗ್ಗದ ಮೇಲೆ ಕೆಂಪು ಹಾಸು ಬಿಗಿದಿತ್ತು. ಮೂಲೆಯ ಬುಟ್ಟಿಯಲ್ಲಿ ರೇಷ್ಮೆನೂಲು ಸುತ್ತಿದ ಕಂಡಿಕೆ ತುಂಬಿದ್ದವು. ಅಂಬವ್ವ ಹೊಸ್ತಿಲಿಗೆ ಅಡ್ಡ ಕೂತಳು.

"ನಮ್ಮ ಮನ್ಯಾಗ ನೂಲಿಲ್ಲ ಬಿಡಬೇ."

ಹೆಣ್ಣು ಹುಟ್ಟಿತು. ವಾರ ಕಳೆಯುವ ತನಕ ಅಂಬವ್ವ ಮಗ್ಗ ಮುಟ್ಟಲಿಲ್ಲ, ಕೂಸನ್ನೂ ಎತ್ತಿಕೊಳ್ಳಲಿಲ್ಲ. ಮರುದಿನ ಮುಂಜಾನೆ ಕುಣಿಗಿಳಿದು, ಉಸಿರು ಹಿಡಿದು, ಹಲಗೆಯನ್ನು ಒಮ್ಮೆ ಜೋರಾಗಿ ಬಡಿದಳು. ಕೂಸು ಸೆಟೆಯಲಿಲ್ಲ, ಬಾಯಿ ಅಗಲಿಸಿ ಅತ್ತಿತು. ಅಂಬವ್ವ ಹಾಸಿನ ಮೇಲೆ ತಲೆಯಿಟ್ಟಳು, ಆಮೇಲೆ ಕುಣಿಯಿಂದೆದ್ದು ಹೋಗಿ ಕೂಸನ್ನು ಎತ್ತಿಕೊಂಡಳು.